ಮೊದಲ ಅಂತಸ್ತು, ಸಾರಿಗೆ ಮೇಜು

ಒರ್ಲಾಂಡೊ. ಮಧ್ಯಾಹ್ನ ಎರಡೂವರೆ.
ಮೇಲೆ ನಾಲ್ಕೈದು ವಿಮಾನ ಒಟ್ಟಿಗೆ ಇಳಿದವೆಂದು
ನನಗೆ ಯಾರೂ ಹೇಳಬೇಕಿಲ್ಲ,
ಎಸ್ಕಲೇಟರಿನ ಸದ್ದು ದಪ್ಪವಾಗುತ್ತದೆ.

ನಾನು ಯೋಲೆಟ್. ಹುಟ್ಟಿದ್ದು ಹೈಟಿಯ ಜಾಕ್ಮೆಲ್.
ಈ ಮೇಜಿನ ಹಿಂದೆ ಒಂಬತ್ತು ವರ್ಷ,
ದಿನಕ್ಕೆ ಇನ್ನೂರು ಸಲ ಒಂದೇ ಪ್ರಶ್ನೆ:
ಪಾರ್ಕಿನ ಹೋಟೆಲಿಗೆ ಯಾವುದರಲ್ಲಿ ಹೋಗೋಣ?
ದಿನಕ್ಕೆ ಇನ್ನೂರು ಸಲ ಒಂದೇ ಉತ್ತರ,
ಗಿಳಿಯಾಗಿದ್ದರೆ ಎಂದೋ ಪಂಜರ ಮುರಿದು ಹಾರುತ್ತಿದ್ದೆ.

ಷಟಲ್ ಬಸ್ಸು: ತಲೆಗೆ ಹದಿನೆಂಟು ಡಾಲರ್,
ಮೂರು ತುಂಬದ ಮಗುವಿಗೆ ಏನೂ ಇಲ್ಲ.
ಸೀಟು ತುಂಬಿದ ಮೇಲೆ ಹೊರಡುತ್ತದೆ;
ನಿಮ್ಮದು ಏಳನೆಯ ಹೋಟೆಲಾದರೆ
ಆರು ಹೋಟೆಲುಗಳ ಕಾರಂಜಿ ನೋಡಿಯೇ ಇಳಿಯಬೇಕು.
ಫೋನಿನಲ್ಲಿ ಕರೆಯುವ ಕಾರು:
ದರ ಗಾಳಿಪಟ, ನೀವು ಯೋಚಿಸಿದಷ್ಟೂ ಮೇಲೇರುತ್ತದೆ.
ಬಾಡಿಗೆ ಕಾರು: ದಾರಿಯುದ್ದಕ್ಕೂ ಟೋಲು,
ಹೋಟೆಲಿನಲ್ಲಿ ಕಾರು ಮಲಗುವುದಕ್ಕೂ ರಾತ್ರಿಗಿಷ್ಟು ಅಂತ.
ದೊಡ್ಡ ಟ್ಯಾಕ್ಸಿ: ಎಲ್ಲರೂ, ಎಲ್ಲ ಪೆಟ್ಟಿಗೆಯೂ,
ನೇರ ಬಾಗಿಲಿಗೆ. ನೂರಾ ಹತ್ತು.

ಊರ ಬಸ್ಸೂ ಒಂದಿದೆ, ಎರಡು ಡಾಲರ್.
ಅದನ್ನು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.
ಅದರಲ್ಲಿ ನಾನು ಮನೆಗೆ ಹೋಗುತ್ತೇನೆ.

ಇವತ್ತು ಬಂದವನು ಎಡಿವಾಲ್ಡೊ, ಬ್ರೆಜಿಲಿನವನು,
ಹೆಂಡತಿ, ಇಬ್ಬರು ಮಕ್ಕಳು, ತಾಯಿ,
ಹಗ್ಗ ಬಿಗಿದ ಐದು ಪೆಟ್ಟಿಗೆ.
ಕೈಯಲ್ಲಿ ನಾಲ್ಕಾಗಿ ಮಡಿಸಿದ ಹಾಳೆ.
ಕೂಡಿದ, ಕಳೆದ, ಡಾಲರನ್ನು ತನ್ನ ದುಡ್ಡಿಗೆ ಗುಣಿಸಿ
ತುಟಿ ಕಚ್ಚಿದ.
ಅಳೆದೂ ಸುರಿದೂ ಕೊನೆಗೆ ಅಂದ: ಷಟಲ್. ನಾಲ್ಕು ತಲೆ.
ಚಿಕ್ಕವಳಿಗೆ ಇನ್ನೂ ಎರಡೇ.

ಚಿಕ್ಕವಳು ಮೇಜಿನ ಅಂಚಿನಾಚೆಯಿಂದ
ಮೂರು ಬೆರಳು ಎತ್ತಿ ತೋರಿಸಿದಳು.
ಒಂದಷ್ಟು ಕಡಿಮೆ ಇದ್ದರೆ ಎಂಬಂತೆ
ನಾಲ್ಕನೆಯದನ್ನೂ ಅರ್ಧ ಬಿಚ್ಚಿದಳು.
ಅವಳ ತಾಯಿ ನೆಲದ ಟೈಲ್ಸು ನೋಡತೊಡಗಿದಳು.
ನಾನು ಕಂಪ್ಯೂಟರಿನ ಪರದೆ ನೋಡಿದೆ.
ಒಂಬತ್ತು ವರ್ಷದಲ್ಲಿ
ಎರಡು ವರ್ಷದ ಮಕ್ಕಳು ನನ್ನೆದುರು ಹಾದುಹೋದಷ್ಟು
ಈ ರಾಜ್ಯದಲ್ಲೇ ಹುಟ್ಟಿರಲಿಕ್ಕಿಲ್ಲ.

ಟಿಕೆಟ್ಟು ಮುದ್ರಿಸಬೇಕು, ಆಗ ಕಂಡಳು ಮುದುಕಿ.
ಪೆಟ್ಟಿಗೆಯ ಮೇಲೆ ಕೂತು
ಹಿಟ್ಟು ನಾದುವಂತೆ ಬಲಮಂಡಿ ನಾದುತ್ತಿದ್ದಾಳೆ.
ಬಾಯಲ್ಲಿ ಒಂದು ಮಾತಿಲ್ಲ.
ತನ್ನನ್ನು ಸಾಮಾನಿನ ಲೆಕ್ಕಕ್ಕೆ ಹಾಕಿಕೊಂಡವಳ ಹಾಗೆ.

ನನಗೆ ಸಿಟ್ಟು ಬಂತು, ಕೆಲಸದಲ್ಲಿ ಬರಬಾರದು.
‘ಷಟಲಿನ ಮೆಟ್ಟಿಲು ಎತ್ತರ,’ ಅಂದೆ,
‘ಒಂದಲ್ಲ, ನಾಲ್ಕು.’
ಅವನು ಹಾಳೆ ನೋಡಿದ. ತಾಯಿಯನ್ನು ನೋಡಿದ.
ಅವಳು ಏನೋ ಅಂದಳು, ಒಂದೇ ಉಸಿರಿನಲ್ಲಿ;
ಹತ್ತುತ್ತೇನೆ, ಏನಾಗುತ್ತೆ, ಎಂದಿರಬೇಕು.
ಎಲ್ಲ ಊರಿನ ಮುದುಕಿಯರೂ ಅನ್ನುವುದು ಅದನ್ನೇ.

‘ಟ್ಯಾಕ್ಸಿ,’ ಅಂದ, ನನ್ನ ಮುಖ ನೋಡದೆ.
ನೂರಾ ಹತ್ತನ್ನು ಮಡಿಕೆ ಬಿಡಿಸಿ ಬಿಡಿಸಿ ಎಣಿಸಿದ.
ಹೊರಗೆ ಸೆಕೆ ಬಾಗಿಲಿಗೆ ಒರಗಿ ನಿಂತಿತ್ತು.
ಮುದುಕಿ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಚೀಲ,
ರಾಣಿಯಲ್ಲ, ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ನೆಟ್ಟಗೆ.
ಚಿಕ್ಕವಳು ಹಿಂದಿನ ಗಾಜಿಗೆ
ಮೂರು ಬೆರಳು ಒತ್ತಿದ್ದಳು. ಹೋದರು.

ನಾನು ಗೆದ್ದೆ ಅನ್ನಿಸಿತು, ಸ್ವಲ್ಪ ಹೊತ್ತು.
ದುಡ್ಡೆಣಿಸುವವನಿಗೆ ತಾಯಿಯ ಮಂಡಿ ತೋರಿಸಿದವಳು ನಾನು.

ಪಾಳಿ ಮುಗಿದು ಮೇಜು ಒರೆಸುವಾಗ
ಪೆನ್ನಿನ ಡಬ್ಬಿಯ ಅಡಿ ಆ ಹಾಳೆ ಸಿಕ್ಕಿತು.
ನಾಲ್ಕು ವಾಹನ, ನಾಲ್ಕು ಅಂಕಿ,
ಹೊಡೆದು ತಿದ್ದಿ ಮತ್ತೆ ಹೊಡೆದದ್ದು.
ಎಲ್ಲಕ್ಕೂ ಕೆಳಗೆ, ಅಂಕಿಯಿಲ್ಲದೆ, ಎರಡೇ ಶಬ್ದ.
ಅವನ ಭಾಷೆ ನನಗೆ ಬರದು. ಆದರೆ ಅಮ್ಮ
ನನ್ನ ಭಾಷೆಯಲ್ಲೂ ಮ-ಕಾರದಿಂದಲೇ ಶುರು,
ಇನ್ನೊಂದು, ನಾಲಿಗೆಯ ಮೇಲಿಟ್ಟು ಹೊರಳಿಸಿದರೆ,
ನಮ್ಮ ಮಂಡಿಯ ದೂರದ ನೆಂಟ.
ಅದರ ಸುತ್ತ ಪೆನ್ನು
ಕಾಗದ ಹರಿಯುವಷ್ಟು ಸಲ ಸುತ್ತಿತ್ತು,
ವಿಮಾನದಲ್ಲೋ, ಅದಕ್ಕೂ ತಿಂಗಳುಗಳ ಮೊದಲೋ.

ಎರಡು ಡಾಲರಿನ ಬಸ್ಸು ಬಂತು.
ಕೂರಲು ಜಾಗವಿತ್ತು. ನಿಂತೇ ಹೋದೆ.